ಒಂದೂಮುಕ್ಕಾಲು ವ್ಯಾಟ್

ಅದೇ ಹೇರ್ ಡ್ರೈಯರ್ ಮೂರನೇ ಸಲ ತಂದಿಟ್ಟಾಗ
ಕೇಳಿಯೇಬಿಟ್ಟೆ:
ಮಾಸ್ತರ್, ತಲಿ ಮ್ಯಾಲೆ ಒಂದ್ ಕೂದಲಿಲ್ಲ,
ಇದು ಸುಟ್ಟುಹೋಗೂ ಹಂಗ ಏನ್ ಒಣಗಸ್ತೀರಿ?

ಫೋಂಡಾ ಪೇಟೆಯಲ್ಲಿ ನನ್ನದು ಮೋಟಾರು ವೈಂಡಿಂಗ್ ಅಂಗಡಿ.
ಮಿಕ್ಸರು, ಪಂಪು, ಟೇಬಲ್ ಫ್ಯಾನು,
ಸುಟ್ಟದ್ದೇ ಬರುವುದು ನನ್ನ ಬಾಗಿಲಿಗೆ.
ಈ ಡ್ರೈಯರಿನ ಹೊಟ್ಟೆ ಬಿಚ್ಚಿದ ಮೊದಲ ದಿನ
ಫ್ಯಾನಿನ ಅಚ್ಚಿಗೆ ಸುತ್ತಿಕೊಂಡಿತ್ತು
ಉದ್ದನೆಯ ಒಂದು ನರೆಗೂದಲು.
ಚಿಮಟಿಗೆ ಹಿಡಿದವಳು ಎಳೆಯಲಿಲ್ಲ.
ಪಕ್ಕಕ್ಕೆ ಸರಿಸಿ, ಒಂದು ಹನಿ ಎಣ್ಣೆ ಬಿಟ್ಟು, ಮುಚ್ಚಿದೆ.

ಇಜಿದೋರ್ ಮಾಸ್ತರ್ ನಗಲಿಲ್ಲ. ಕನ್ನಡಿ, ಅಂದರು.
ಎರಡು ಮಳೆಗಾಲ ಕೂತು ತಾವೇ ಉಜ್ಜಿದ ಗಾಜು, ಎಂಟಿಂಚು,
ಬಾವಿಯಂಥ ಕೊಳವೆಯ ತಳದಲ್ಲಿ ಅದು;
ಬಾಯಿಯ ಹತ್ತಿರ ಇನ್ನೊಂದು, ಚಿಕ್ಕದು,
ಓರೆಯಾಗಿ ಕೊಯ್ದ ಬಾಳೆಕಾಯಿಯ ಬಿಲ್ಲೆಯಂಥದು.
ರಾತ್ರಿ ಹನ್ನೊಂದಾಯಿತೋ, ಮೊದಲು ಕುರುಡಾಗುವುದು ಈ ಬಿಲ್ಲೆ.
ಸಡೆಯ ಮೇಲೆ, ಕಾರಿನ ಬ್ಯಾಟರಿಗೆ ಇನ್ವರ್ಟರ್ ಹಚ್ಚಿ,
ಡ್ರೈಯರ್ ಊದುತ್ತ ನಿಲ್ಲುತ್ತಾರಂತೆ.
ಸುಡದೆ ಏನು ಮಾಡೀತು.

ಮಂಜು ಬೀಳ್ತದಲ್ರೀ ಮತ್ತ, ಅಂದೆ.
ಬೀಳುವುದಿಲ್ಲ ಕಾಶವ್ವಾಬಾಯ್, ಅಂದರು.
ಆಕಾಶಕ್ಕೆ ಬೆನ್ನು ಕೊಟ್ಟು ತೂಗುವ ಗಾಜು
ತನ್ನ ಬಿಸಿಯನ್ನೆಲ್ಲ ಮೇಲಕ್ಕೆ ಕೊಟ್ಟು ಕೊಟ್ಟು
ಗಾಳಿಗಿಂತ ತಣ್ಣಗಾಗುತ್ತದೆ.
ಆಗ ಗಾಳಿ ಬಂದು ಅದರ ಮೇಲೆ ಬೆವರುತ್ತದೆ.

ಹಂಗಾರ ಬೆನ್ನಿಗೆ ಕಾವು ಕೊಡೂಣು, ಅಂದೆ,
ಬಾಣಂತಿಗೆ ಕೊಡ್ತಾರಲ್ಲ.

ಮೊದಲ ಸಲ ತಪ್ಪಿದೆ. ಹಳೆ ಇಸ್ತ್ರಿಪೆಟ್ಟಿಗೆಯ ನೈಕ್ರೋಮ್ ತಂತಿ,
ಕೈ ತಡೆಯದ ಬಿಸಿ. ನನ್ನ ಕಸುಬಿನಲ್ಲಿ
ಬಿಸಿ ಅಂದರೆ ಬಿಸಿ; ಗೀಸರಿಗೆ ಯಾರು ಕಮ್ಮಿ ಕೇಳಿದ್ದಾರೆ?
ಮರುದಿನ ಬಂದು ಹೇಳಿದರು: ನಕ್ಷತ್ರ ಕುದಿಯಿತು.
ಗಾಳಿಗಿಂತ ಒಂದೇ ಡಿಗ್ರಿ ಸಾಕು ಬಾಯ್.
ಗಾಜಿಗೇ ಗೊತ್ತಾಗಬಾರದು.

ಎಂಟು ರೆಸಿಸ್ಟರ್ ಎಣಿಸಿ ತೆಗೆದೆ,
ನೀಲಿ ಬೂದು ಕಂದು ಪಟ್ಟಿಯವು, ಆರುನೂರ ಎಂಬತ್ತು ಓಮ್.
ಏಣಿಯ ಮೆಟ್ಟಿಲಿನಂತೆ ಪಕ್ಕಪಕ್ಕ ಬೆಸೆದೆ.
ಹನ್ನೆರಡು ವೋಲ್ಟಿಗೆ ಹೆಚ್ಚುಕಮ್ಮಿ ಒಂದೂಮುಕ್ಕಾಲು ವ್ಯಾಟ್.
ತುಟಿಗೆ ತಾಗಿಸಿ ನೋಡಿದೆ; ಬಿಸಿ ಅನ್ನುವ ಹಾಗಿಲ್ಲ,
ಇಲ್ಲ ಅನ್ನುವ ಹಾಗೂ ಇಲ್ಲ.
ಸಿಲಿಕೋನ್ ಬಳಿದು ಗಾಜಿನ ಬೆನ್ನಿಗೆ ಮೆಲ್ಲಗೆ ಕೂರಿಸಿದೆ,
ಬಿಗಿದರೆ ಗಾಜು ಮುಖ ಸೊಟ್ಟ ಮಾಡುತ್ತದಂತೆ.
ಕೂದಲೆಳೆಯಂಥ ಎರಡು ತಂತಿ
ಬಿಲ್ಲೆಯನ್ನು ಹಿಡಿದ ಜೇಡಗಾಲಿನ ಗುಂಟ ಹೊರಗೆ.

ಡಿಸೆಂಬರಿನ ಅಮಾವಾಸ್ಯೆಗೆ ಸಡೆಗೆ ಕರೆದರು.
ಮಗಳನ್ನು ಜೊತೆಗೆ ಕಟ್ಟಿಕೊಂಡು ಹೋದೆ.
ಕಾಲಡಿ ಜಂಬಿಟ್ಟಿಗೆ, ಸುತ್ತ ಗೇರಿನ ಕಪ್ಪು,
ಪಣಜಿಯ ದಿಕ್ಕಿಗೆ ಮಾತ್ರ ಆಕಾಶ ಹಳಸಿದ ಕಿತ್ತಳೆ.
ಒಂದು ಗಂಟೆಗೆಲ್ಲ ನಕ್ಷೆ ಒದ್ದೆ, ಕುರ್ಚಿ ಒದ್ದೆ, ಮಗಳ ಜಡೆ ಒದ್ದೆ.
ಮಾಸ್ತರರ ಬೋಳುತಲೆಯ ಮೇಲೆ ಹನಿ ಕೂತಿತ್ತು
ಕೆಸುವಿನೆಲೆಯ ಮೇಲೆ ಕೂರುವ ಹಾಗೆ.
ಟಾರ್ಚಿಗೆ ಕೆಂಪು ಕಾಗದ ಸುತ್ತಿ ಕೊಳವೆಯೊಳಗೆ ಇಣುಕಿದೆ.
ಬಿಲ್ಲೆ ಒಣಗಿತ್ತು.

ಏನು ನೋಡ್ತೀ, ಅಂದರು.
ನಕ್ಷತ್ರ ನಾನು ಬಲ್ಲೆ, ಮಳೆಯ ಹೆಸರಿನಲ್ಲಿ:
ರೋಹಿಣಿ, ಮಿರಗ, ಆರಿದ್ರಿ. ಒಂದನ್ನೂ ಕಂಡಿರಲಿಲ್ಲ.
ಆರಿದ್ರಿ ತೋರಸ್ರಿ, ಅಂದೆ.
ಕೊಳವೆಯನ್ನು ನೆತ್ತಿಗೆ ತಿರುಗಿಸಿದರು. ಕೆಂಡದ ಒಂದು ಕಾಳು,
ಕುದಿಯದೆ, ಅಲುಗದೆ.
ಹೆಸರಲ್ಲೇ ಹಸಿ ಇರುವುದು ಅಷ್ಟು ಒಣಗಿ ಉರಿಯುತ್ತಿತ್ತು.
ಉಸಿರು ಬಿಗಿಹಿಡಿಯುವುದು ಮರೆತೆ; ಐಪೀಸಿಗೆ ಮಂಜು.
ಸರೀ ಅವ್ವಾ, ಎಂದು ಮಗಳು ನೂಕಿದಳು.

ಬಿಲ್ಲಿನಲ್ಲಿ ಬರೆದೆ: ರೆಸಿಸ್ಟರು ಎಂಟು,
ವೈರು ಎರಡು ಮೀಟರು, ಅರವತ್ತು ರೂಪಾಯಿ.
ಡ್ರೈಯರು ನನ್ನ ಕಪಾಟಿನಲ್ಲೇ ಇದೆ, ರಿಪೇರಿಯಾಗಿ.
ಒಯ್ಯಿರಿ ಅಂದರೆ
ಇರಲಿ ಬಾಯ್, ಬೇಕಾದಾಗ ಕೇಳ್ತೇನೆ, ಅನ್ನುತ್ತಾರೆ.
ಆ ಕೂದಲು ಒಳಗೇ ಇದೆ.
ನಾನು ಹೇಳಿಲ್ಲ.